ಮಣ್ಣಾದ ಪ್ಯಾಂಟುಗಳ ತಂಡ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜವಾಗಿ ನೋಡಿದರೆ ಅವಳು ಅತ್ತಿಗೆಯಾಗಿದ್ದದ್ದು ಒಬ್ಬನಿಗೇ, ತೊಳೆಯುವ ಮೆಷಿನ್‌ಗಳನ್ನು ನೋಡಿಕೊಳ್ಳುತ್ತಿದ್ದ ಮೈದುನನಿಗೆ. ಅವನು ಕೆಲಸಕ್ಕೆ ಸೇರಿದ ಮೊದಲ ದಿನವೇ ಮೆಷಿನ್ ಸದ್ದನ್ನು ಮೀರಿಸಿ "ಅತ್ತಿಗೇ" ಎಂದು ಕೂಗಿದ. ಆವತ್ತಿನಿಂದ ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನಾದ, ಬಾಯ್ಲರ್ ನೋಡಿಕೊಳ್ಳುವ ಬಾಯ್ಲರಣ್ಣನೂ ಅವಳನ್ನು ಅತ್ತಿಗೆ ಎನ್ನತೊಡಗಿದ. ಇಷ್ಟು ಜನಕ್ಕೆ ಅತ್ತಿಗೆಯಾದ ಮೇಲೆ ನಾಲ್ಕು ಜನರಾದರೂ ಮಾತು ಕೇಳಬೇಕಲ್ಲ? ಕೇಳುತ್ತಿರಲಿಲ್ಲ. ಕರೆಯುವುದಷ್ಟೇ, ಕೇಳುವುದಿಲ್ಲ.

ಅವಳದು ಕಲೆ ತೆಗೆಯುವ ಮೇಜು. ಹೋಟೆಲುಗಳ ಹಾಸಿಗೆ ಚಾದರ, ಮೇಜಿನ ಬಟ್ಟೆ, ಕ್ಲಬ್ಬಿನ ಹುಡುಗರ ಆಟದ ಉಡುಪು, ಎಲ್ಲ ಮೊದಲು ಅವಳ ಕೈಗೆ ಬಂದು ಆಮೇಲೆ ಮೆಷಿನ್ನಿಗೆ ಹೋಗುತ್ತಿತ್ತು. ಒಂದು ಕೈಯಲ್ಲಿ ಬ್ರಷ್ಷು, ಒಂದು ಕೈಯಲ್ಲಿ ಸೋಪಿನ ನೀರಿನ ಬಾಟಲಿ. ಕಾಫಿ ಯಾವುದು, ತುಕ್ಕು ಯಾವುದು, ಹುಲ್ಲಿನ ಹಸಿರು ಯಾವುದು ಎಂದು ಬೆಳಗಿನಿಂದ ಸಂಜೆಯವರೆಗೆ ಕಣ್ಣಿಟ್ಟು ನೋಡುವುದೇ ಕೆಲಸ. ಮನೆಯಲ್ಲಿ ಗಂಡ ಬಸ್ ಡಿಪೋದ ಟೈರ್ ವಿಭಾಗದವನು. ಒಳ್ಳೆಯವನು, ಕೆಟ್ಟ ಮಾತು ಆಡಿದವನಲ್ಲ. ಒಳ್ಳೆಯ ಮಾತನ್ನೂ ಹೆಚ್ಚಿಗೆ ಆಡಿದವನಲ್ಲ ಅನ್ನಿ. ಏನು ಹೇಳಿದರೂ "ಹೂಂ" ಎನ್ನುತ್ತಿದ್ದ. ಮನೆಗೆ ಬಣ್ಣ ಯಾವುದು ಹೊಡೆಸುವುದು, ಮಗಳು ಯಾವ ಕಾಲೇಜಿಗೆ ಸೇರುವುದು ಎಂಬಲ್ಲಿಂದ ಹಿಡಿದು ಎಲ್ಲವೂ ಅವಳನ್ನು ಕೇಳದೆ ಆಗಿಹೋಗುತ್ತಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ, ಕೇಳಬೇಕು ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ, ಅಷ್ಟೆ.

ಲಾಂಡ್ರಿಯ ಊಟದ ಕೋಣೆಯಲ್ಲಿ ಎರಡು ಮೇಜು. ನಲ್ಲಿಯ ಪಕ್ಕದ್ದು ಬಂದವರಿಗೆಲ್ಲ. ಕಿಟಕಿಯ ಪಕ್ಕದ್ದು ಲೀಗಿನವರದು. ಲೀಗ್ ಎಂದರೆ ಲೆಕ್ಕದ ಮೇಲಿನ ಬೇಸ್‌ಬಾಲ್. ಮೈದಾನದಲ್ಲಿ ಬೆವರು ಸುರಿಸುವವರು ಟಿವಿಯಲ್ಲಿ ಕಾಣುವ ನಿಜವಾದ ಆಟಗಾರರು, ಇವರು ಕೂತಲ್ಲೇ ಮಾಲೀಕರು. ಸೀಸನ್ ಶುರುವಾಗುವ ಮುಂಚೆ ಎಂಟು ಜನ ಸೇರಿ, ಸರದಿಯ ಪ್ರಕಾರ ಬೇರೆಬೇರೆ ತಂಡಗಳಿಂದ ಆಟಗಾರರನ್ನು ಆರಿಸಿಕೊಂಡು ತಮ್ಮದೇ ಒಂದೊಂದು ತಂಡ ಕಟ್ಟುತ್ತಾರೆ. ಆರಿಸಿಕೊಂಡವನು ಎಲ್ಲೋ ಚೆಂಡು ಹೊಡೆದರೆ ಇಲ್ಲಿ ಇವರಿಗೆ ಪಾಯಿಂಟು. ಎದುರಾಳಿಗಳ ಕಣ್ಣು ತಪ್ಪಿಸಿ ಓಡಿ ಮುಂದಿನ ಬೇಸ್, ಅಂದರೆ ಓಟದ ದಾರಿಯ ಮುಂದಿನ ಮೂಲೆ, ಕದ್ದರೆ ಪಾಯಿಂಟು. ಚೆಂಡು ಎಸೆಯುವ ಪಿಚ್ಚರ್ ಎದುರಿನವನನ್ನು ಬ್ಯಾಟಿಗೆ ಚೆಂಡು ತಾಗದಂತೆ ಔಟ್ ಮಾಡಿದರೆ ಅದಕ್ಕೂ ಪಾಯಿಂಟು. ಲೆಕ್ಕವೆಲ್ಲ ಕೌಂಟರಮ್ಮನ ಫೋನಿನಲ್ಲಿ. ಗಿರಾಕಿಗಳ ಬಟ್ಟೆ ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂರುವ ಆಕೆಗೆ ಸುಳ್ಳು ಲೆಕ್ಕ ಬರೆಯಲು ಕೈ ಬರುವುದಿಲ್ಲ ಎಂದು ಎಲ್ಲರಿಗೂ ನಂಬಿಕೆ.

ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಆ ಮೇಜಿಗೆ ಎಂಟೇ ಕುರ್ಚಿ, ಕೂರುವ ಆಸೆ ಲಾಂಡ್ರಿಗೆಲ್ಲ. ಆದ್ದರಿಂದ ಸೀಸನ್ ಕೊನೆಗೆ ಯಾರು ಕೊನೆಯವರೋ ಅವರು ಎದ್ದು ಹೋಗಬೇಕು, ಕಾದು ನಿಂತವರು ಬಂದು ಕೂರುತ್ತಾರೆ. ಎದ್ದವರು ಮತ್ತೆ ಸಾಲಿನ ಬಾಲ ಹಿಡಿಯಬೇಕು. ಹಾಗೆ ಬಾಲ ಹಿಡಿದವರ ಪೈಕಿ ಇಬ್ಬರು ತಿರುಗಿ ಸರದಿ ಬರುವ ಮುಂಚೆಯೇ ನಿವೃತ್ತರಾಗಿ ಮನೆಗೆ ಹೋಗಿದ್ದರು.

ಹೋದ ವರ್ಷ ವ್ಯಾನ್ ಡ್ರೈವರ್ ಒಬ್ಬ ಕೆಲಸ ಬಿಟ್ಟು ಕುರ್ಚಿ ಖಾಲಿಯಾಗಿತ್ತು. ಸರದಿಯಲ್ಲಿದ್ದವನು ರಜೆಯ ಮೇಲಿದ್ದ. "ನಮ್ಮ ಅತ್ತಿಗೆ ಕೂರಲಿ ಬಿಡಿ, ಯಾವಾಗ್ಲೂ ಟಿವಿ ನೋಡ್ತಾರಲ್ಲ" ಎಂದು ಮೈದುನ ಹೇಳಿದ. ಹಾಗೆ ಕೂತಳು. ಹೆಸರು ಕೇಳಿದ್ದವರನ್ನೆಲ್ಲ ಆರಿಸಿದಳು, ಏಳನೆಯವಳಾಗಿ ಕೂದಲೆಳೆಯಲ್ಲಿ ಉಳಿದುಕೊಂಡಳು. ಆದರೆ ಆ ಒಂದು ವರ್ಷದಲ್ಲಿ ನಡೆಯಬಾರದ್ದು ನಡೆದುಹೋಗಿತ್ತು. "ಅತ್ತಿಗೆ, ನಿಮ್ಮ ಪಿಚ್ಚರನ್ನ ಬಿಟ್ಟುಕೊಡ್ತೀರಾ?" "ಅತ್ತಿಗೆ, ಏನು ಹೇಳ್ತೀರಿ, ಯೋಚನೆ ಮಾಡಿ ಹೇಳಿ." ಅವಳು ಹೂಂ ಎನ್ನುತ್ತಾಳೋ ಇಲ್ಲವೋ ಎಂದು ಬೆಳೆದ ಗಂಡಸರು ಕಾಯುತ್ತಿದ್ದರು. ಆ ರುಚಿ ಒಮ್ಮೆ ಹತ್ತಿದ ಮೇಲೆ ನಲ್ಲಿಯ ಪಕ್ಕದ ಮೇಜಿಗೆ ವಾಪಸ್ಸು ಹೋಗುವುದೆಂದರೆ ಅವಳಿಗೆ ಜೀವ ಹೋದಂತೆ.

ಅದಕ್ಕೇ ಈ ವರ್ಷ ಚಳಿಗಾಲವೆಲ್ಲ ಅವಳ ತಲೆಯಲ್ಲಿ ಒಂದೇ ಹುಳ. ಗೆಲ್ಲುವ ತಂಡ ಕಟ್ಟುವುದು ಹೇಗೆ?

ಮಡಚುವ ಕೋಣೆಯಲ್ಲಿ ಗೋಡೆಯ ಎತ್ತರದಲ್ಲಿ ಒಂದು ಟಿವಿ ಇದೆ. ಹಳೆಯ ಪಂದ್ಯಗಳು ಬರುತ್ತಿದ್ದವು. ಬೇರೆಯವರು ಚೆಂಡು ನೋಡುತ್ತಿದ್ದರೆ ಅವಳು ಪ್ಯಾಂಟು ನೋಡುತ್ತಿದ್ದಳು. ಏನು ಮಾಡುತ್ತೀರಿ, ಕಣ್ಣು ಹೋಗುವುದೇ ಅಲ್ಲಿಗೆ. ಒಬ್ಬನ ತೊಡೆಯ ಮೇಲೆ ಕೆಂಪು ಮಣ್ಣು: ಬೇಸ್ ಮುಟ್ಟಲು ಜಾರಿಕೊಂಡು ಹೋಗಿದ್ದಾನೆ. ಒಬ್ಬನ ಮಂಡಿಯಲ್ಲಿ ಹುಲ್ಲು, ಇನ್ನೊಬ್ಬನ ಎದೆಯ ಮೇಲೆ ಸುಣ್ಣದ ಗೆರೆ. ಇನ್ನು ಕೆಲವರು ಬೆಳಿಗ್ಗೆ ಇಸ್ತ್ರಿ ಹಾಕಿಕೊಂಡು ಬಂದವರು ಸಂಜೆಯೂ ಹಾಗೆಯೇ ಹೋಗುತ್ತಿದ್ದರು. ಒಂದು ದಿನ ಸೋಪಿನ ಬಾಟಲಿ ಕೈಯಲ್ಲಿ ಹಿಡಿದಂತೆಯೇ ಅವಳಿಗೆ ಥಟ್ಟನೆ ಹೊಳೆಯಿತು. ಮೈ ಬಗ್ಗಿಸಿ ಆಡುವವನು ಯಾರು ಎಂದು ಬಟ್ಟೆಯೇ ಹೇಳುತ್ತಿದೆಯಲ್ಲ! ಅವಳ ಎದೆ ಎಷ್ಟು ಹೊಡೆದುಕೊಂಡಿತೆಂದರೆ ಚಾದರದ ಮೇಲಿನ ಕಾಫಿ ಕಲೆಯನ್ನು ಅಲ್ಲೇ ಬಿಟ್ಟು ಕೂತುಬಿಟ್ಟಳು.

ಆರಿಸುವ ದಿನ ರಜಾ ದಿನ. ಊಟದ ಕೋಣೆಗೆ ಎಂಟು ಜನರೂ ಮದುವೆ ಮನೆಗೆ ಬಂದವರಂತೆ ತಲೆ ಬಾಚಿಕೊಂಡು ಬಂದಿದ್ದರು. ಮೊದಲ ಸರದಿ ಬಾಯ್ಲರಣ್ಣನದು. ಅವನು ಗಂಟಲು ಸರಿಪಡಿಸಿಕೊಂಡು ವರ್ಷದ ದೊಡ್ಡ ಹೊಡೆತಗಾರನ ಹೆಸರು ಹೇಳಿದ. ಎಲ್ಲರೂ ಹೊಟ್ಟೆ ಉರಿದುಕೊಂಡರು. ಮೈದುನ ಕೊನೆಯ ಇನಿಂಗ್ಸಿಗೆ ಮಾತ್ರ ಬಂದು ಬೆಂಕಿ ಎಸೆಯುವ ಒಬ್ಬ ಪಿಚ್ಚರನ್ನು ತೆಗೆದುಕೊಂಡ. ಆಮೇಲೆ ಅತ್ತಿಗೆಯ ಸರದಿ ಬಂತು. ಅವಳು ಹೇಳಿದ ಹೆಸರು ಕೇಳಿ ಕೌಂಟರಮ್ಮ ಫೋನಿನಿಂದ ತಲೆ ಎತ್ತಿದಳು.

"ಯಾರವನು?"

"ಕೆಸರಣ್ಣ," ಎಂದಳು ಅತ್ತಿಗೆ. ತಾನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಅಡ್ಡಹೆಸರು ಬಾಯಿಗೆ ಬಂದುಬಿಟ್ಟಿತ್ತು. "ನೀವು ಬರ್ಕೊಳ್ಳಿ. ಮೂರನೇ ಇನಿಂಗ್ಸ್ ಹೊತ್ತಿಗೆ ಅವನ ಪ್ಯಾಂಟು ನೋಡಿದ್ರೆ ಹೆತ್ತವರೂ ಮನೆಗೆ ಸೇರಿಸಲ್ಲ."

ಮೇಜೆಲ್ಲ ನಕ್ಕಿತು. ಅವಳೂ ನಕ್ಕಳು, ಆದರೆ ಹಿಡಿದ ದಾರಿ ಬಿಡಲಿಲ್ಲ. ಸರದಿ ಬಂದಾಗಲೆಲ್ಲ ಒಬ್ಬ ಮಣ್ಣಿನವನು. ಕೆಸರಣ್ಣನ ಜೊತೆಗೆ ಮಂಡಿ, ಮಂಡಿಯ ಜೊತೆಗೆ ಹುಲ್ಲಪ್ಪ, ಎಲ್ಲ ಅವಳೇ ಇಟ್ಟ ಅಡ್ಡಹೆಸರು. ಯಾರ ಬಟ್ಟೆ ತೊಳೆಯಲು ತನಗೆ ಅತ್ಯಂತ ಕಷ್ಟವಾಗಬಹುದೋ ಅಂಥವರನ್ನೇ ಹೆಕ್ಕಿ ಹೆಕ್ಕಿ ತೆಗೆದಳು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೂರಲಾರದೆ ನಿಂತೇ ಹೋದಳು. "ತಂಡ ಕಟ್ಟಿದೆ ರೀ" ಎಂದು ಗಂಡನಿಗೆ ಹೇಳಿದಳು. ಗಂಡ ಹೂಂ ಎಂದ.

ಸೀಸನ್ ಶುರುವಾಯಿತು ನೋಡಿ, ಕೆಸರಣ್ಣ ಕಳ್ಳನ ಹಾಗೆ ಬೇಸ್ ಕದಿಯತೊಡಗಿದ. ಮಂಡಿಯೂ ಕದ್ದ. ಅವಳ ತಂಡ ಓಡಿದ್ದೇ ಓಡಿದ್ದು. ಮೊದಲ ತಿಂಗಳು ಮುಗಿದಾಗ ಕೌಂಟರಮ್ಮ ಲೆಕ್ಕ ಓದಿದಳು, ಮೊದಲ ಹೆಸರೇ ಅತ್ತಿಗೆಯದು. ಬಾಯ್ಲರಣ್ಣ ನಂಬದೆ ಇನ್ನೊಮ್ಮೆ ಓದಿಸಿದ. ಎರಡನೇ ಸಲವೂ ಅದೇ. ಅತ್ತಿಗೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೇಜಿನ ಹತ್ತಿರ ಬಂದು "ಈ ಹುಡುಗ ಹೇಗೆ, ಪ್ಯಾಂಟು ನೋಡಿ ಹೇಳಿ ಅತ್ತಿಗೆ" ಎಂದು ಕೇಳುವವರು ಹುಟ್ಟಿಕೊಂಡರು. ಅವಳು ಕಣ್ಣು ಕಿರಿದು ಮಾಡಿ ಟಿವಿ ನೋಡಿ "ಇವನು ಬೇಡ, ಇಸ್ತ್ರಿಯ ಗೆರೆ ಕೂಡ ಮುರಿದಿಲ್ಲ" ಎಂದು ತೀರ್ಪು ಕೊಡುತ್ತಿದ್ದಳು. ಸ್ವಲ್ಪ ಜಂಬ ಬಂದಿತ್ತು, ಸುಳ್ಳು ಯಾಕೆ ಹೇಳಬೇಕು. ಬರಲಿ ಬಿಡಿ, ಅಷ್ಟು ವರ್ಷ ಬಂದಿರಲಿಲ್ಲ.

ಆದರೆ ಮಣ್ಣು ನೋಡಿ ಆಟಗಾರನನ್ನು ಆರಿಸುವುದು ಲಾಂಡ್ರಿಯವಳು ಮಾತ್ರ ಮಾಡಬಹುದಾದ ತಪ್ಪು. ಬೇಸ್ ಮುಟ್ಟಲು ದಿನಾ ಬಿದ್ದು ಏಳುವವರು ಒಂದು ದಿನ ಬಿದ್ದು ಏಳುವುದಿಲ್ಲ. ಮೊದಲು ಮಂಡಿಯ ಮಂಡಿಯೇ ಹೋಯಿತು, ಸೀಸನ್ ಮುಗಿಯಿತು ಅವನ ಪಾಲಿಗೆ. ಆಮೇಲೆ ಕೆಸರಣ್ಣ ಕೈ ಮುಂದೆ ಚಾಚಿ ಹಾರಿದವನು ಬೆರಳು ಮುರಿದುಕೊಂಡ. ಉಳಿದ ಹುಲ್ಲಪ್ಪ ಗಟ್ಟಿಮುಟ್ಟಾಗಿಯೇ ಇದ್ದ, ದಿನಾ ಮೈದಾನದ ತುಂಬ ಹೊರಳುತ್ತಿದ್ದ, ಪಾಯಿಂಟು ಮಾತ್ರ ಇಲ್ಲ. ಯಾಕೆ ಎಂದು ಅವಳು ಮೈದುನನನ್ನು ಕೇಳಿದಳು.

"ಅತ್ತಿಗೆ, ಅವನು ಬೀಳೋದೆಲ್ಲ ಕ್ಯಾಚ್ ಹಿಡಿಯೋಕೆ," ಎಂದ ಮೈದುನ, ಮೆಷಿನ್ನಿನ ಬಾಗಿಲು ಹಾಕುತ್ತ. "ನಮ್ಮ ಲೀಗಲ್ಲಿ ಕ್ಯಾಚಿಗೆ ಪಾಯಿಂಟಿಲ್ಲ. ಹೋದ ವರ್ಷವೇ ಗೊತ್ತಿತ್ತಲ್ಲ ನಿಮಗೆ."

ಗೊತ್ತಿತ್ತು. ಮಣ್ಣು ಕಂಡ ಖುಷಿಯಲ್ಲಿ ಮರೆತಿದ್ದಳು. ಮಣ್ಣು ಎಲ್ಲವೂ ಒಂದೇ ಅಲ್ಲ ಎಂದು ದಿನಾ ಮೇಜಿನ ಮೇಲೆ ನೋಡುವವಳು ಟಿವಿಯಲ್ಲಿ ನೋಡಲಿಲ್ಲ. ಅವಳಿಗೆ ತನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ ಆವತ್ತು ಉಜ್ಜಿದ ಮೇಜುಬಟ್ಟೆಯೊಂದರ ಅಂಚು ಹರಿದೇ ಹೋಯಿತು. ಬೇಸಿಗೆಕಾಲದ ನಡುವೆ ಲೆಕ್ಕ ಓದಿದಾಗ ಅವಳ ಹೆಸರು ಎಲ್ಲಕ್ಕಿಂತ ಕೆಳಗಿತ್ತು. ಪ್ಯಾಂಟು ತೋರಿಸಲು ಬರುತ್ತಿದ್ದವರೆಲ್ಲ ಮಾಯ.

ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಲೀಗಿನಲ್ಲಿ ಅವಕಾಶವಿತ್ತು, ಅದಕ್ಕೆ ಲಾಂಡ್ರಿಯದೇ ಒಂದು ಪದ್ಧತಿ. ವ್ಯವಹಾರ ಮಾಡುವ ಇಬ್ಬರೂ ಒಂದು ದೊಡ್ಡ ಚಾದರದ ಎರಡು ತುದಿ ಹಿಡಿದು ನಿಲ್ಲಬೇಕು. ಮಾತಾಡುತ್ತ ಮಡಚುತ್ತ ಒಬ್ಬರ ಕಡೆಗೊಬ್ಬರು ಬರಬೇಕು. ಬೇಡ ಅನ್ನಿಸಿದರೆ ತುದಿ ಕೈಬಿಟ್ಟರಾಯಿತು. ಮೂಲೆಗೆ ಮೂಲೆ ಕೂಡಿಸಿ ಕೈಗೆ ಕೊಟ್ಟ ಮೇಲೆ ಮುಗಿಯಿತು, ಆಮೇಲೆ ಅತ್ತರೂ ಇಲ್ಲ, ಕರೆದರೂ ಇಲ್ಲ.

ಅತ್ತಿಗೆ ಬಾಯ್ಲರಣ್ಣನನ್ನು ಮಡಚುವ ಕೋಣೆಗೆ ಕರೆದಳು. ಕಿವಿಯಿಂದ ಕಿವಿಗೆ ಸುದ್ದಿ ಹೋಗಿ ಇಸ್ತ್ರಿಯವರೂ ಬಂದು ಬಾಗಿಲಲ್ಲಿ ನಿಂತರು.

"ಕೆಸರಣ್ಣನ್ನ ಕೊಡ್ತೀನಿ," ಎಂದಳು, ಚಾದರದ ತುದಿ ಹಿಡಿದು.

ಬಾಯ್ಲರಣ್ಣನ ಕಿವಿ ನೆಟ್ಟಗಾಯಿತು. ಬೆರಳು ವಾಸಿಯಾದ ಮೇಲೆ ಕೆಸರಣ್ಣ ಮತ್ತೆ ಓಡುತ್ತಾನೆ ಎಂದು ಪತ್ರಿಕೆಯಲ್ಲಿ ಬಂದಿತ್ತು. "ಬದಲಿಗೆ ಯಾರು ಬೇಕು?"

"ಬಿಳಿ ಪ್ಯಾಂಟು."

ಬಾಗಿಲಲ್ಲಿ ನಿಂತವರು ಗೊಳ್ಳೆಂದು ನಕ್ಕರು. ಬಿಳಿ ಪ್ಯಾಂಟು ಎಂದರೆ ಬಾಯ್ಲರಣ್ಣನ ತಂಡದ ಮೂಲೆಯಲ್ಲಿ ಕೂತಿದ್ದ ಒಬ್ಬ ದಪ್ಪ ಆಟಗಾರ, ಹೆಸರಿಟ್ಟವಳೂ ಅತ್ತಿಗೆಯೇ, ಅದೂ ಗೇಲಿ ಮಾಡಲು. ಓಡುವವನಲ್ಲ, ಜಾರುವವನಲ್ಲ. ಬ್ಯಾಟ್ ಹಿಡಿದು ಸುಮ್ಮನೆ ನಿಲ್ಲುತ್ತಿದ್ದ. ಪಿಚ್ಚರ್ ನಾಲ್ಕು ಚೆಂಡನ್ನು ಹಾಳು ಎಸೆದರೆ ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದು ಹೋಗಬಹುದು. ಈ ಮಹಾನುಭಾವ ಅದೊಂದನ್ನೇ ಕಾಯುತ್ತಿದ್ದ. ನಡೆದು ಹೋದದ್ದಕ್ಕೂ ಲೀಗಿನಲ್ಲಿ ಒಂದು ಪಾಯಿಂಟು ಇತ್ತು, ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಬೇರೆ ದಾರಿ ಕಾಣದೆ ಕೂತು ಯೋಚಿಸಿದಾಗಲೇ ಅವಳ ಗಮನಕ್ಕೂ ಬಂದದ್ದು.

"ಅತ್ತಿಗೆ, ಅವನ ಮೇಲೆ ಒಂದು ಚುಕ್ಕೆ ಕೂಡ ಇಲ್ಲ," ಎಂದ ಬಾಯ್ಲರಣ್ಣ ಮಡಚುತ್ತ ಒಂದು ಹೆಜ್ಜೆ ಮುಂದೆ ಬಂದು. "ನಿಮ್ಮ ಸಿದ್ಧಾಂತ ಏನಾಯ್ತು?"

"ಸಿದ್ಧಾಂತ ಆಸ್ಪತ್ರೇಲಿದೆ. ನೀವು ಮಡಚಿ."

ಬಾಯಿಗೆ ಹೀಗೆ ಬಂತು, ಮನಸ್ಸು ಒಪ್ಪಿರಲಿಲ್ಲ. ಕೆಸರಣ್ಣ ಅವಳ ಮೊದಲ ಆಯ್ಕೆ. ಅವನು ಓಡಿದಾಗಲೆಲ್ಲ ತಾನೇ ಓಡಿದಂತೆ ಉಸಿರು ಬಿಟ್ಟಿದ್ದಳು. ತುದಿ ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು, ಬೆರಳು ಸಡಿಲವೂ ಆಯಿತು. ನಲ್ಲಿಯ ಪಕ್ಕದ ಮೇಜು ಕಣ್ಣ ಮುಂದೆ ಬಂತು. ಹಲ್ಲು ಕಚ್ಚಿಕೊಂಡು ಮುಂದೆ ನಡೆದು ಮೂಲೆಗೆ ಮೂಲೆ ಕೂಡಿಸಿ ಬಾಯ್ಲರಣ್ಣನ ಕೈಯಲ್ಲಿಟ್ಟಳು.

ಆಮೇಲಿನದು ಓಟವಲ್ಲ, ನಡಿಗೆ. ಬಿಳಿ ಪ್ಯಾಂಟು ದಿನಾ ನಿಂತ, ದಿನಾ ನಡೆದ, ದಿನಾ ಒಂದೋ ಎರಡೋ ಪಾಯಿಂಟು ತಂದ. ಅತ್ತಿಗೆ ಹುಲ್ಲಪ್ಪನನ್ನು ಬಿಟ್ಟು ಅಂಥದ್ದೇ ಇನ್ನೊಬ್ಬ ಸೋಮಾರಿಯನ್ನು ಹುಡುಕಿ ತಂದಳು. ನೋಡಲು ಏನೇನೂ ಚೆನ್ನಾಗಿರದ ಆಟ. ಆದರೂ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಹಾಳು ಚೆಂಡು ಬಿಡುವುದರಲ್ಲೂ ಇಷ್ಟು ಕುತೂಹಲ ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೇಲಿನವರು ದೂರವೇ ಉಳಿದರು. ಹತ್ತಿರ ಬಂದದ್ದು ಅವಳ ಮುಂದಿದ್ದ ಏಳನೆಯವನು. ಏಳನೆಯವನು ಯಾರು? ಮೈದುನ.

ಕೊನೆಯ ದಿನ ಬೆಳಿಗ್ಗೆ ಲೆಕ್ಕ ಓದಿದಾಗ ಅವನಿಗೂ ಇವಳಿಗೂ ಒಂದೇ ಪಾಯಿಂಟಿನ ಅಂತರ, ಅವನು ಮುಂದೆ. ಉಳಿದದ್ದು ಮಧ್ಯಾಹ್ನದ ಒಂದೇ ಪಂದ್ಯ. ಒಂದು ಕಡೆ ಬಿಳಿ ಪ್ಯಾಂಟು, ಇನ್ನೊಂದು ಕಡೆ ಮೈದುನನ ಬೆಂಕಿ ಪಿಚ್ಚರ್. ಮೈದುನ ಅವಳ ಮೇಜಿನ ಹತ್ತಿರ ಬಂದು ನಿಂತ.

"ಅತ್ತಿಗೆ, ನಾನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವತ್ತು ಆ ಪಿಚ್ಚರನ್ನ ಆಡಿಸಲ್ಲ, ನನ್ನ ಪಟ್ಟಿಯಿಂದ ತೆಗೀತೀನಿ, ಅವನ ಪಾಯಿಂಟು ನನಗೆ ಸೇರಲ್ಲ. ನಿಮ್ಮವನು ನಡೆದುಕೊಂಡು ಎರಡು ಪಾಯಿಂಟು ತಂದ್ರೆ ನೀವು ಉಳಿದ್ರಿ. ನನಗೇನು, ಎಲ್ಲಿ ಕೂತ್ರೂ ಊಟ ಇಳಿಯುತ್ತೆ."

ಬ್ರಷ್ಷು ಕೆಳಗಿಟ್ಟಳು ಅತ್ತಿಗೆ. ಅವನ ಮುಖದಲ್ಲಿ ಪ್ರೀತಿಯಿತ್ತು, ಅದೇ ಅವಳಿಗೆ ಸಹಿಸಲಾಗಲಿಲ್ಲ. ಹೀಗೇ ಪ್ರೀತಿಯಿಂದಲೇ ಎಲ್ಲರೂ ಅವಳನ್ನು ಇಷ್ಟು ವರ್ಷ ಪಕ್ಕಕ್ಕೆ ಕೂರಿಸಿದ್ದರು.

"ನನ್ನನ್ನ ಏನಂತ ತಿಳ್ಕೊಂಡಿದೀಯ ನೀನು?" ಎಂದಳು. "ಬಾಯ್ಲರಣ್ಣನ ಹತ್ರ ಹೀಗೆ ಹೇಳ್ತಿದ್ಯಾ?"

"ಅದು ಬೇರೆ ಅತ್ತಿಗೆ..."

"ಬೇರೆ ಅಲ್ಲ. ನಿನ್ನ ಪಿಚ್ಚರನ್ನ ಆಡಿಸು. ಆಡಿಸದೆ ಕೂರಿಸಿದ್ರೆ ನಾನೇ ಎದ್ದು ನಲ್ಲಿ ಪಕ್ಕ ಹೋಗ್ತೀನಿ, ನಿನ್ನ ಜೊತೆ ಮಾತು ಬಿಡ್ತೀನಿ."

ಮೈದುನನ ಮುಖ ಕೆಂಪಾಯಿತು. "ಆಡಿಸ್ತೀನಿ ಬಿಡಿ. ಆಮೇಲೆ ಅಳಬೇಡಿ," ಎಂದು ಬಿರಬಿರನೆ ಹೋದ. ಅವನು ಹೋದ ಮೇಲೆ ಅವಳು ಬ್ರಷ್ಷು ಎತ್ತಿಕೊಂಡಳು. ಕೈಗೆ ಬಂದ ಕುರ್ಚಿಯನ್ನು ತಾನೇ ಒದ್ದೆನಲ್ಲ ಎಂದುಕೊಂಡಳು. ಆದರೂ ಒಳಗೊಳಗೆ ಏನೋ ಕುಣಿಯುತ್ತಿತ್ತು.

ಮಧ್ಯಾಹ್ನ ಇಸ್ತ್ರಿಯ ರೋಲರುಗಳನ್ನು ನಿಲ್ಲಿಸಿ ಎಲ್ಲರೂ ಮಡಚುವ ಕೋಣೆಗೆ ಬಂದರು. ಅತ್ತಿಗೆ ಒಂದು ಬಟ್ಟೆ ಗಾಡಿಗೆ ಒರಗಿ ನಿಂತಳು, ಮೈದುನ ಕೋಣೆಯ ಆ ತುದಿಗೆ. ಬಿಳಿ ಪ್ಯಾಂಟು ಮೂರು ಸಲ ಬಂದು ಮೂರು ಸಲವೂ ಬರಿಗೈಯಲ್ಲಿ ಹೋದ. ಕೊನೆಯ ಇನಿಂಗ್ಸಿಗೆ ಸ್ಕೋರು ಸಮವಾಗಿತ್ತು. ಬೆಂಕಿ ಪಿಚ್ಚರ್ ಮೈದಾನಕ್ಕೆ ಇಳಿದ. ಬಂದ ತಕ್ಷಣವೇ ಒಬ್ಬನನ್ನು ಬ್ಯಾಟಿಗೆ ತಾಗಿಸದೆ ಕಳಿಸಿದ. ಮೈದುನ ಮುಷ್ಟಿ ಬಿಗಿದು ಗಾಳಿಗೆ ಗುದ್ದಿದ. ಅಂತರ ಎರಡಾಯಿತು. ಆಮೇಲೆ ಇನ್ನೊಬ್ಬ ಔಟಾದ, ಅದು ಬರೀ ಕ್ಯಾಚು, ಪಾಯಿಂಟಿಲ್ಲ. ಆದರೆ ಅದರ ನಡುನಡುವೆ ಒಬ್ಬ ಹೊಡೆದ, ಇನ್ನೊಬ್ಬ ಹೊಡೆದ, ಮತ್ತೊಬ್ಬನಿಗೆ ಚೆಂಡು ತಾಗಿ ಬೇಸ್ ಸಿಕ್ಕಿತು. ಮೂರು ಬೇಸಿನಲ್ಲೂ ಜನ. ಇನ್ನೊಬ್ಬ, ಅಂದರೆ ಮೂರನೆಯವನು, ಔಟಾದರೆ ಇನಿಂಗ್ಸು ಮುಗಿಯುತ್ತದೆ. ಬ್ಯಾಟ್ ಹಿಡಿದು ಬಂದವನು ಬಿಳಿ ಪ್ಯಾಂಟು.

"ನಡೆದ್ರೆ ಒಂದು," ಎಂದಳು ಕೌಂಟರಮ್ಮ ಫೋನು ಹಿಡಿದು. "ಎಲ್ಲ ಬೇಸೂ ತುಂಬಿರೋದ್ರಿಂದ ಮೂರನೇ ಬೇಸಿನವನು ಮುಂದೆ ಸರಿದು ಓಟ ಮುಗಿಸ್ತಾನಲ್ಲ, ಅವನನ್ನ ತಂದಿದ್ದಕ್ಕೆ ಎರಡು. ಒಟ್ಟು ಮೂರು, ಆ ಓಟಕ್ಕೆ ಪಂದ್ಯಾನೂ ಅಲ್ಲಿಗೇ ನಿಲ್ಲುತ್ತೆ. ಔಟಾದ್ರೆ ಮುಗೀತು."

ಮೊದಲ ಚೆಂಡು ಹಾಳು. ಎರಡನೆಯದು ನೇರ. ಅವನು ಕದಲಲಿಲ್ಲ. ಮೂರನೆಯದೂ ನೇರ, ಆಗಲೂ ಕದಲಲಿಲ್ಲ, ಇಸ್ತ್ರಿಯವರು ತಲೆ ಹಿಡಿದುಕೊಂಡರು. ಮೂರು ನೇರ ಚೆಂಡು ಬಿಟ್ಟರೆ ಔಟು, ಇನ್ನೊಂದು ನೇರ ಬಂದರೆ ಅತ್ತಿಗೆಯ ಕಥೆ ಮುಗಿಯಿತು. ಬಂದದ್ದು ಕಾಲ ಬುಡಕ್ಕೆ ಇಳಿಯಿತು, ಬಿಟ್ಟ. ಮತ್ತೊಂದು ಹೊರಗೆ ಹೋಯಿತು, ಬಿಟ್ಟ. ಕೊನೆಯ ಚೆಂಡು ಎಷ್ಟು ವೇಗವಾಗಿ ಬಂತೆಂದರೆ ಟಿವಿಯಲ್ಲಿ ಗೆರೆಯಷ್ಟೇ ಕಂಡಿತು. "ಹೊಡೀಬೇಡ," ಎಂದಳು ಅತ್ತಿಗೆ ಮೆಲ್ಲಗೆ. ಅವನು ಹೊಡೆಯಲಿಲ್ಲ. ಅಂಪೈರ್ ಕೈ ಎತ್ತಲಿಲ್ಲ, ಅದು ನಾಲ್ಕನೇ ಹಾಳು ಚೆಂಡು. ಬಿಳಿ ಪ್ಯಾಂಟು ಬ್ಯಾಟನ್ನು ಜೋಪಾನವಾಗಿ ಪಕ್ಕಕ್ಕಿಟ್ಟು ಮೊದಲ ಬೇಸಿನ ಕಡೆ ನಡೆಯತೊಡಗಿದ, ಅಂಗಡಿಯಿಂದ ಸಾಮಾನು ತರಲು ಹೊರಟವನ ಹಾಗೆ.

ಕೋಣೆ ಕಿತ್ತುಹೋಗುವಂತೆ ಕೂಗಿತು. ಅತ್ತಿಗೆಯನ್ನು ಯಾರೋ ಬಟ್ಟೆ ಗಾಡಿಯೊಳಕ್ಕೇ ಎತ್ತಿ ಕೂರಿಸಿದರು, ಬಾಯ್ಲರಣ್ಣ ಗಾಡಿಯನ್ನು ಮೆಷಿನ್‌ಗಳ ನಡುವೆ ತಳ್ಳಿಕೊಂಡು ಓಡಿದ. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು. ಮೈದುನ ಎಲ್ಲಿ ಎಂದು ತಿರುಗಿ ನೋಡಿದಳು. ಅವನು ಆಗಲೇ ಊಟದ ಕೋಣೆಗೆ ಹೋಗಿ ಕಿಟಕಿಯ ಪಕ್ಕದಿಂದ ತನ್ನ ಡಬ್ಬಿ ತೆಗೆದುಕೊಂಡು ಬರುತ್ತಿದ್ದ. ಅವಳ ಮುಂದೆಯೇ ಹಾದು ಹೋದ. ಮುಖ ಎತ್ತಲಿಲ್ಲ.

ಸಂಜೆ ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಕಾಯುತ್ತಿದ್ದ.

"ತಮ್ಮ ಫೋನ್ ಮಾಡಿದ್ದ. ಈ ವಾರ ನಮ್ಮನೆ ಕಡೆ ಬರಲ್ಲವಂತೆ. ಧ್ವನಿ ಕೇಳಿದ್ರೆ ಕೆಂಡ ಆಗಿದ್ದಾನೆ. ಯಾರ ಮೇಲೆ ಅಂತ ಕೇಳಿದ್ರೆ ಫೋನ್ ಇಟ್ಟ."

"ನನ್ನ ಮೇಲೆ," ಎಂದಳು ಅವಳು.

"ನಿನ್ನ ಮೇಲಾ?" ಗಂಡನಿಗೆ ಅರ್ಥವಾಗಲಿಲ್ಲ. ಇಷ್ಟು ವರ್ಷದಲ್ಲಿ ಅವಳ ಮೇಲೆ ಸಿಟ್ಟಾಗುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. "ನಿನ್ನ ಮೇಲೆ ಸಿಟ್ಟು ಯಾಕೆ ಅವನಿಗೆ?"

"ಪೂರ್ತಿ ಜೋರಾಗಿ ಆಡಿದ, ನನ್ನ ಕೈಲಿ ಸೋತ. ಇನ್ನು ಒಂದು ವಾರ ಮುಖ ಊದಿಸ್ಕೊಂಡಿರ್ತಾನೆ." ಹೇಳುತ್ತ ಹೇಳುತ್ತ ಅವಳ ಮುಖ ಅರಳಿತು. ಅವಳಿಗೆ ಅವನ ಮೇಲೆ ಎಷ್ಟು ಅಕ್ಕರೆ ಉಕ್ಕಿತೆಂದರೆ ಆ ಸಿಟ್ಟು ಇನ್ನೂ ಎರಡು ವಾರ ಇರಲಿ ಎನ್ನಿಸಿತು.

ಗಂಡ ಅವಳನ್ನೇ ನೋಡಿದ. ಹೂಂ ಎನ್ನಲು ಬಾಯಿ ತೆರೆದವನು ಎನ್ನಲಿಲ್ಲ.

"ಹೇಗೆ ಸೋಲಿಸಿದೆ?" ಎಂದು ಕೇಳಿದ.

ಅವಳು ಚಪ್ಪಲಿ ಬಿಡುವುದನ್ನೂ ಮರೆತು, ಮೊದಲ ಚೆಂಡಿನಿಂದ ಹೇಳತೊಡಗಿದಳು.